ಉತ್ತರ ಬರುವ ಹಾಗೆ ಮೇಲ್ ಬರೆಯೋದು ಹೇಗೆ

ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಸಿಬಿಝಡ್ (ರಸಾಯನವಿಜ್ಞಾನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿ. ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರ ಹುದ್ದೆ ಖಾಲಿ ಇದ್ದ ವರ್ಷಗಳಲ್ಲಿ ಭೌತವಿಜ್ಞಾನವನ್ನೂ ನಾನೇ ಕಲಿಸಿದ್ದೇನೆ. ಆಗೆಲ್ಲ ಒಂದು ಅನುಮಾನ ಬಂದರೆ ಕೇಳೋಕೆ ಪಕ್ಕದ ಕುರ್ಚಿಯಲ್ಲಿ ಯಾರೂ ಇರುತ್ತಿರಲಿಲ್ಲ. ನನಗೆ ಸ್ಟಾಫ್ ರೂಮ್ ಆಗಿ ಸಿಕ್ಕಿದ್ದು ವಿಜ್ಞಾನ ಶಿಕ್ಷಕರ ಇಮೇಲ್ ಗುಂಪು. ರಾತ್ರಿ ಊಟ ಆದಮೇಲೆ ಒಂದು ಪ್ರಶ್ನೆ ಹಾಕಿ ಮಲಗಿದರೆ, ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಎಲ್ಲಿಂದಲೋ ಒಬ್ಬರು ಉತ್ತರ ಬರೆದಿರುತ್ತಿದ್ದರು. ಮುಖ ನೋಡದ ಜನ. ಇವತ್ತಿಗೂ ಅವರ ಋಣ ನನ್ನ ಮೇಲಿದೆ.

ಈಗ ಏಳು ವರ್ಷದಿಂದ ಆ ಗುಂಪನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಯಾವ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ, ಯಾವುದು ಯಾರೂ ಮುಟ್ಟದೆ ಹಾಗೇ ಬಿದ್ದಿರುತ್ತದೆ ಅನ್ನುವುದನ್ನು ದಿನಾ ನೋಡುತ್ತೇನೆ. ಕೇಳುವವರು ದಡ್ಡರು, ಉತ್ತರ ಹೇಳುವವರು ಜಾಣರು ಅಂತೇನಿಲ್ಲ. ಹೆಚ್ಚಿನ ಸಲ ವ್ಯತ್ಯಾಸ ಇರುವುದು ಬರೆಯುವ ರೀತಿಯಲ್ಲಿ. ಶಿಕ್ಷಕರಲ್ಲದವರಿಗೂ ಇದು ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆಯ ಕಥೆ

ಒಂದು ಜುಲೈ ತಿಂಗಳು. ಗುಂಪಿಗೆ ಒಂದು ಮೇಲ್ ಬಂತು. ವಿಷಯದ ಸಾಲಿನಲ್ಲಿ "ಹೆಲ್ಪ್" ಅಂತಷ್ಟೇ ಇತ್ತು. ಒಳಗೆ ಇದ್ದಿದ್ದು ಒಂದೇ ಸಾಲು: "ಸರ್, ಪ್ರಯೋಗ ಬರ್ತಾ ಇಲ್ಲ, ಅರ್ಜೆಂಟ್, ಏನು ಮಾಡಲಿ?"

ಸಂಜೆಯೊಳಗೆ ಹನ್ನೊಂದು ಉತ್ತರ. ಮೂವರು "ಯಾವ ಪ್ರಯೋಗ?" ಅಂತ ಕೇಳಿದ್ದರು. ಒಬ್ಬರು ಬ್ಯಾಟರಿ ಬದಲಾಯಿಸಿ ಅಂದರು. ಇನ್ನೊಬ್ಬರು ಯಾವುದೋ ಬೇರೆ ಪ್ರಯೋಗದ ವಿಡಿಯೋ ಕಳಿಸಿದರು. ನಾಲ್ಕು ಜನ ಕೈ ಮುಗಿಯುವ ಚಿತ್ರ ಹಾಕಿದರು. ಮಾರನೇ ದಿನ ಗೊತ್ತಾಯಿತು, ಅದು ಹತ್ತನೇ ತರಗತಿಯ ಮೊದಲ ಅಧ್ಯಾಯದ ನೀರಿನ ವಿದ್ಯುದ್ವಿಭಜನೆ, ಅಂದರೆ ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಪ್ರಯೋಗ. ಮೂರನೇ ದಿನ ಇನ್ನೊಂದು ವಿಷಯ ಗೊತ್ತಾಯಿತು. ಮಗ್‌ಗೆ ಹಾಕಿದ್ದು ಶಾಲೆಯ ಆರ್‌ಒ ಫಿಲ್ಟರ್ ನೀರು, ಆಮ್ಲದ ಒಂದು ಹನಿಯೂ ಹಾಕಿರಲಿಲ್ಲ.

ಆರ್‌ಒ ನೀರಿನಲ್ಲಿ ಲವಣ ತುಂಬ ಕಡಿಮೆ. ವಿದ್ಯುತ್ ಸರಿಯಾಗಿ ಹರಿಯೋದಿಲ್ಲ. ಕೆಲವು ಹನಿ ಸಾರರಿಕ್ತ (ನೀರು ಬೆರೆತ, ತೆಳುವಾದ) ಸಲ್ಫ್ಯೂರಿಕ್ ಆಮ್ಲ ಹಾಕಿದರೆ ನೀರಿನಲ್ಲಿಟ್ಟ ಎರಡೂ ಕಾರ್ಬನ್ ಕಡ್ಡಿಯ ಹತ್ತಿರ ಗುಳ್ಳೆ ಏಳುತ್ತದೆ. ಒಂದು ನಳಿಕೆಯಲ್ಲಿ ಹೈಡ್ರೋಜನ್ ಇನ್ನೊಂದರ ಆಕ್ಸಿಜನ್‌ಗಿಂತ ಎರಡರಷ್ಟು ಸೇರುತ್ತದೆ. ಒಂದೇ ಸಾಲಿನ ಉತ್ತರ. ಅದಕ್ಕೆ ಮೂರು ದಿನ, ಇಪ್ಪತ್ತಕ್ಕೂ ಹೆಚ್ಚು ಮೇಲ್ ಹಿಡಿಯಿತು. ಅಷ್ಟರಲ್ಲಿ ಆ ಮೇಡಂ ಪ್ರಯೋಗ ತೋರಿಸದೆ, ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮುಗಿಸಿದ್ದರು. ನನಗೆ ಬೇಜಾರಾಗಿದ್ದು ಅದಕ್ಕೆ. ಗುಳ್ಳೆ ನೋಡಬೇಕಾದ ಮಕ್ಕಳು ಪಾಠದ ಹೊತ್ತಿಗೆ ಗುಳ್ಳೆ ನೋಡಲಿಲ್ಲ.

ಅದೇ ಪ್ರಶ್ನೆಯನ್ನು ಹೀಗೆ ಕೇಳಬಹುದಿತ್ತು:

"ವಿಷಯ: 10ನೇ ತರಗತಿ, ನೀರಿನ ವಿದ್ಯುದ್ವಿಭಜನೆ: ಗುಳ್ಳೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೊದಲ ಅಧ್ಯಾಯದ ಎಲೆಕ್ಟ್ರಾಲಿಸಿಸ್ ಚಟುವಟಿಕೆ ಮಾಡುತ್ತಿದ್ದೇನೆ. ಪ್ಲಾಸ್ಟಿಕ್ ಮಗ್, ಎರಡು ಕಾರ್ಬನ್ ಕಡ್ಡಿ, 9 ವೋಲ್ಟ್ ಬ್ಯಾಟರಿ ಬಳಸಿದ್ದೇನೆ. ನೀರು ಶಾಲೆಯ ಆರ್‌ಒ ಫಿಲ್ಟರ್‌ನದು. ಲ್ಯಾಬಿನಲ್ಲಿ ಆಮ್ಲ ಖಾಲಿಯಾಗಿರುವುದರಿಂದ ಹಾಕಿಲ್ಲ. 20 ನಿಮಿಷ ಕಾದರೂ ಗುಳ್ಳೆ ಕಾಣುತ್ತಿಲ್ಲ. ಬ್ಯಾಟರಿ ಹೊಸದು, ವೈರು ಬದಲಾಯಿಸಿಯೂ ನೋಡಿದೆ. ಆಮ್ಲದ ಬದಲು ಬೇರೇನಾದರೂ ಹಾಕಬಹುದೇ? ಗುರುವಾರ ಮಕ್ಕಳಿಗೆ ತೋರಿಸಬೇಕು."

ಇದನ್ನು ಬರೆಯೋಕೆ ಐದು ನಿಮಿಷ ಸಾಕು. ಏನು ಮಾಡಿದೆ, ಯಾವುದರಿಂದ ಮಾಡಿದೆ, ಏನಾಯಿತು, ಆಗಲೇ ಏನೇನು ಪ್ರಯತ್ನಿಸಿದೆ, ಯಾವಾಗ ಬೇಕು, ಎಲ್ಲ ಇದೆ. "ಅರ್ಜೆಂಟ್" ಅನ್ನುವುದಕ್ಕಿಂತ "ಗುರುವಾರ" ಅನ್ನುವುದು ಜಾಸ್ತಿ ಕೆಲಸ ಮಾಡುತ್ತದೆ. ಗುರುವಾರ ಅಂದರೆ ಓದಿದವರು ಲೆಕ್ಕ ಹಾಕಿಕೊಳ್ಳುತ್ತಾರೆ. ಅರ್ಜೆಂಟ್ ಅಂತ ದಿನಕ್ಕೆ ನಾಲ್ಕು ಮೇಲ್ ಬರುತ್ತವೆ.

ತುಂಬ ಸಲ ಇನ್ನೊಂದು ಸಂಗತಿಯೂ ಆಗುತ್ತದೆ. "ನೀರು ಯಾವುದು, ಆಮ್ಲ ಹಾಕಿದೆಯಾ" ಅಂತ ಬರೆಯುತ್ತಾ ಹೋದಾಗ ತಪ್ಪು ನಿಮಗೇ ಹೊಳೆಯುತ್ತದೆ. ನನಗೆ ಎಷ್ಟೋ ಸಲ ಮೇಲ್ ಅರ್ಧ ಬರೆದಾಗಲೇ ಉತ್ತರ ಸಿಕ್ಕಿದೆ. ಕಳಿಸುವ ಅಗತ್ಯವೇ ಬೀಳಲಿಲ್ಲ.

ವಿಷಯದ ಸಾಲು

ನಿಮ್ಮ ಮೇಲ್ ಓದುವವರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರಬಹುದು. ಎರಡು ಪೀರಿಯಡ್ ನಡುವೆ ಫೋನ್ ತೆಗೆದಿರಬಹುದು. ಫೋನಿನ ಪರದೆಯಲ್ಲಿ ವಿಷಯದ ಮೊದಲ ನಾಲ್ಕೈದು ಪದ ಕಂಡರೆ ಹೆಚ್ಚು. ಅಷ್ಟರಲ್ಲೇ ಅವರು ತೆರೆಯಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ. ಹಾಗಾಗಿ "ಒಂದು ಚಿಕ್ಕ ಅನುಮಾನ", "ದಯವಿಟ್ಟು ಗಮನಿಸಿ" ಇವೆಲ್ಲ ಜಾಗ ತಿನ್ನುತ್ತವೆ. ತರಗತಿ, ಪಾಠ, ಸಮಸ್ಯೆ, ಈ ಮೂರು ಮೊದಲು ಬರಲಿ.

ಸರ್ಕಾರಿ ಪತ್ರ ಬರೆದವರಿಗೆ ಇದು ಹೊಸದೇನಲ್ಲ. "ಮಾನ್ಯರೇ" ಅಂದ ಕೂಡಲೇ "ವಿಷಯ" ಬರೆಯುತ್ತೇವೆ. ಅದರ ಕೆಳಗೆ "ಉಲ್ಲೇಖ" ಅಂತ ಹಿಂದಿನ ಪತ್ರದ ಸಂಖ್ಯೆ, ದಿನಾಂಕ ಹಾಕುತ್ತೇವೆ. ಪತ್ರದ ಕೊನೆಯಲ್ಲಿ "ಪ್ರತಿ" ಯಾರು ಯಾರಿಗೆ ಅಂತ ಬರೆಯುತ್ತೇವೆ. ಮೇಲ್‌ನಲ್ಲಿ ಇರುವ ಸಿಸಿ ಅದೇ ಪ್ರತಿ. ಆ ಎರಡಕ್ಷರ ಬಂದಿದ್ದೇ ಟೈಪ್‌ರೈಟರ್ ಕಾಲದ ಕಾರ್ಬನ್ ಕಾಪಿಯಿಂದ. ನನ್ನ ಅನುಭವದಲ್ಲಿ ಕಚೇರಿಗೆ ಮೇಲ್ ಕಳಿಸುವಾಗ ಈ ಹಳೆ ಕ್ರಮ ಬಿಡದೇ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಒಮ್ಮೆ ನನ್ನ ವಾರ್ಷಿಕ ವೇತನ ಬಡ್ತಿ ಎಂಟು ತಿಂಗಳು ನಿಂತುಹೋಗಿತ್ತು. ಮೊದಲು ಕಳಿಸಿದ ಎರಡು ಮೇಲ್‌ಗಳಲ್ಲಿ ನನ್ನ ಕಷ್ಟವನ್ನೆಲ್ಲ ಒಂದೂವರೆ ಪುಟ ಬರೆದಿದ್ದೆ. ಉತ್ತರ ಬರಲಿಲ್ಲ. ಮೂರನೆಯದನ್ನು ಆರು ಸಾಲಿಗೆ ಇಳಿಸಿದೆ. ಹೆಸರು, ಶಾಲೆ, ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಸಂಖ್ಯೆ, ಯಾವ ತಿಂಗಳ ಬಡ್ತಿ, ಹಿಂದೆ ಮೇಲ್ ಕಳಿಸಿದ ಎರಡು ದಿನಾಂಕ, ನನಗೆ ಬೇಕಾದ ಒಂದು ಉತ್ತರ. "ನನ್ನ ಸೇವಾ ಪುಸ್ತಕ ನಿಮ್ಮ ಕಚೇರಿಯಲ್ಲಿದೆಯೇ, ಅಥವಾ ಶಾಲೆಯಿಂದ ಕಳಿಸಬೇಕೇ?" ಅಂತ ಕೇಳಿದೆ. ನಾಲ್ಕನೇ ದಿನ ಕೇಸ್ ವರ್ಕರ್ ಉತ್ತರಿಸಿದರು. ಅವರು ಕೆಟ್ಟವರಾಗಿರಲಿಲ್ಲ. ಮುಂದೆ ಕಡತಗಳ ರಾಶಿ ಇಟ್ಟುಕೊಂಡವರಿಗೆ ಒಂದೂವರೆ ಪುಟದಲ್ಲಿ ಪ್ರಶ್ನೆ ಎಲ್ಲಿದೆ ಅಂತ ಹುಡುಕುವ ಪುರುಸೊತ್ತು ಇರಲಿಲ್ಲ, ಅಷ್ಟೇ.

ವಾರ ಕಳೆದರೂ ಉತ್ತರ ಬರದಿದ್ದರೆ ಹೊಸ ಮೇಲ್ ಬರೆಯಬೇಡಿ. ಹಳೆಯದಕ್ಕೇ ರಿಪ್ಲೈ ಮಾಡಿ "ನೆನಪೋಲೆ" ಅಂತ ಎರಡು ಸಾಲು ಸೇರಿಸಿ. ಹಿಂದಿನದೆಲ್ಲ ಕೆಳಗೇ ಇರುತ್ತದೆ, ಅವರು ಹುಡುಕಬೇಕಾಗಿಲ್ಲ. ಲಗತ್ತಿಸುವ ಕಡತಕ್ಕೆ ಹೆಸರು ಕೊಡಿ. ಫೋನ್ ತಾನೇ ಇಡುವ ಅಂಕಿಗಳ ಹೆಸರಿನ ಫೋಟೋ ಬಂದರೆ ಅದು ಯಾರದು, ಏನದು ಅಂತ ಕಚೇರಿಯಲ್ಲಿ ಯಾರಿಗೆ ಗೊತ್ತಾಗಬೇಕು? ಅಡ್ಡ ಬಿದ್ದ ಫೋಟೋ ಇದ್ದರೆ ನೆಟ್ಟಗೆ ತಿರುಗಿಸಿ ಕಳಿಸಿ. ಜಿಮೇಲ್‌ನಲ್ಲಿ 25 ಎಂಬಿ ದಾಟಿದ ಕಡತ ಲಗತ್ತಾಗಿ ಹೋಗೋದಿಲ್ಲ, ಡ್ರೈವ್‌ನ ಕೊಂಡಿಯಾಗಿ ಹೋಗುತ್ತದೆ. ಆ ಕೊಂಡಿಯನ್ನು ನೋಡುವ ಅನುಮತಿ ಕೊಟ್ಟಿದ್ದೀರಾ ಅಂತ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅವರಿಗೆ ತೆರೆಯೋಕೆ ಆಗೋದಿಲ್ಲ, ಅದನ್ನು ನಿಮಗೆ ಹೇಳೋದೂ ಇಲ್ಲ.

ಕನ್ನಡದಲ್ಲಿ ಬರೆಯುವಾಗ

ಇದು ನಮಗೇ ಇರುವ ತೊಂದರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ನೇರ ಮೇಲ್‌ಗೆ ಅಂಟಿಸಿದರೆ, ಆ ಕಡೆ ಕನ್ನಡವೇ ಕಾಣೋದಿಲ್ಲ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಇರುವ ಅಕ್ಷರ, ನಡುವೆ ಪೌಂಡ್ ಚಿಹ್ನೆ. ಕಂಪ್ಯೂಟರ್ ಪಾಲಿಗೆ ಅದು ಕನ್ನಡ ಅಲ್ಲವೇ ಅಲ್ಲ. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವ ಹಾಗೆ ಆಕಾರ ತೊಡಿಸಿದ ಇಂಗ್ಲಿಷ್ ಸಂಕೇತಗಳು. ಆ ಫಾಂಟ್ ಇಲ್ಲದ ಫೋನಿನಲ್ಲಿ ಆಕಾರ ಕಳಚಿಬೀಳುತ್ತದೆ.

ಯೂನಿಕೋಡ್‌ನಲ್ಲಿ ಬರೆದರೆ ಈ ಗೋಳಿಲ್ಲ. ಅದರಲ್ಲಿ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿವೆ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದೆಲ್ಲ ಯೂನಿಕೋಡೇ. ಕಂಪ್ಯೂಟರ್‌ನಲ್ಲಿ ನುಡಿ, ಬರಹ ಎರಡರ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ಹಳೆ ಪ್ರಶ್ನೆಪತ್ರಿಕೆಗಳಿದ್ದರೆ ಪರಿವರ್ತಕಕ್ಕೆ ಹಾಕಿ ಬದಲಾಯಿಸಿ, ಆಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ. ಅಲ್ಲಲ್ಲಿ ಅರ್ಕಾವತ್ತು ತಪ್ಪುವುದುಂಟು. ಅಷ್ಟು ಪುರುಸೊತ್ತಿಲ್ಲ ಅಂದರೆ ಪಿಡಿಎಫ್ ಮಾಡಿ ಲಗತ್ತಿಸಿ, ಓದೋಕಂತೂ ಬರುತ್ತದೆ.

ಆದರೆ ಓದುವುದಷ್ಟೇ ಅಲ್ಲ, ಹುಡುಕಿದಾಗ ಸಿಗಬೇಕು. ಗುಂಪಿಗೆ ಹಾಕಿದ ಪ್ರಶ್ನೆ ಇವತ್ತಿನವರಿಗೆ ಮಾತ್ರ ಅಲ್ಲ. ಇನ್ನು ಮೂರು ವರ್ಷ ಬಿಟ್ಟು ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬರು ಅದೇ ಪ್ರಯೋಗದಲ್ಲಿ ಸಿಕ್ಕಿಹಾಕಿಕೊಂಡು ಗುಂಪಿನ ಹಳೆ ಮೇಲ್ ಹುಡುಕುತ್ತಾರೆ. ಅವರು "ವಿದ್ಯುದ್ವಿಭಜನೆ" ಅಂತ ಹುಡುಕಬಹುದು, "ವಿದ್ಯುತ್ ವಿಭಜನೆ" ಅಂತ ಬಿಡಿಸಿ ಹುಡುಕಬಹುದು, "ಎಲೆಕ್ಟ್ರಾಲಿಸಿಸ್" ಅಂತಲೂ ಹುಡುಕಬಹುದು. ಅದಕ್ಕೇ ಮೇಲಿನ ಮಾದರಿಯಲ್ಲಿ ವಿಷಯದ ಸಾಲಿನಲ್ಲಿ ಒಂದು ಪದ, ಒಳಗೆ ಇನ್ನೊಂದು ಪದ ಹಾಕಿದ್ದು. ಪಠ್ಯಪುಸ್ತಕದ ಪದ, ಜನ ಬಳಸುವ ಇಂಗ್ಲಿಷ್ ಪದ, ಎರಡೂ ಒಂದೊಂದು ಸಲ ಬಂದಿರಲಿ. ಈ ಸಣ್ಣ ಅಭ್ಯಾಸವನ್ನು ಎಲ್ಲರಿಗೂ ಹೇಳಿ ಹೇಳಿ ನಮ್ಮ ಗುಂಪಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುವುದು ನಿಜಕ್ಕೂ ಕಡಿಮೆಯಾಗಿದೆ.

ತಪ್ಪು ತಿದ್ದುವುದು

ಆ ಗುಳ್ಳೆಯ ಪ್ರಶ್ನೆಗೆ ಹಿರಿಯ ಮೇಷ್ಟ್ರೊಬ್ಬರು "ಒಂದು ಚಮಚ ಅಡುಗೆ ಉಪ್ಪು ಹಾಕಿಬಿಡಿ" ಅಂತ ಬರೆದರು. ಅವರು ನಮ್ಮಲ್ಲಿ ಎಷ್ಟೋ ಜನಕ್ಕೆ ತರಬೇತಿ ಕೊಟ್ಟವರು. ಉಪ್ಪು ಹಾಕಿದರೆ ಗುಳ್ಳೆ ಬರುತ್ತದೆ ನಿಜ, ಆದರೆ ಆನೋಡಿನಲ್ಲಿ (ಬ್ಯಾಟರಿಯ ಧನ ತುದಿಗೆ ಸೇರಿದ ಕಡ್ಡಿಯಲ್ಲಿ) ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಕ್ಕಳು ಬಗ್ಗಿ ನೋಡುತ್ತಿರುವಾಗ ಅದು ಒಳ್ಳೆಯದಲ್ಲ. ಎರಡಕ್ಕೆ ಒಂದರ ಲೆಕ್ಕವೂ ಬರೋದಿಲ್ಲ.

ಸುಮ್ಮನಿರುವ ಹಾಗಿರಲಿಲ್ಲ. ಯಾರಾದರೂ ಅದನ್ನೇ ಓದಿ ನಾಳೆ ತರಗತಿಯಲ್ಲಿ ಮಾಡಿಬಿಡಬಹುದು. ನಮ್ಮ ಗುಂಪಿನ ಇನ್ನೊಬ್ಬ ಮೇಡಂ ಬರೆದ ಉತ್ತರವನ್ನು ನಾನು ಹಾಗೇ ಉಳಿಸಿಕೊಂಡಿದ್ದೇನೆ: "ಸರ್, ಉಪ್ಪು ಹಾಕಿದರೆ ಗುಳ್ಳೆ ಖಂಡಿತ ಬರುತ್ತದೆ. ಆದರೆ ಆನೋಡಿನಲ್ಲಿ ಕ್ಲೋರಿನ್ ಬರುವುದರಿಂದ ಮಕ್ಕಳ ಮುಂದೆ ಬೇಡ ಅನಿಸುತ್ತದೆ. ಆಮ್ಲ ಸಿಗದಿದ್ದರೆ ಸ್ವಲ್ಪ ವಾಷಿಂಗ್ ಸೋಡಾ ಹಾಕಬಹುದು. ನಾನು ಹೋದ ವರ್ಷ ಹಾಗೇ ಮಾಡಿದ್ದೆ." ಅರ್ಧ ಗಂಟೆಯಲ್ಲಿ ಮೇಷ್ಟ್ರು "ಹೌದಮ್ಮ, ಸರಿಯಾಗಿ ಹೇಳಿದೆ, ಎಲ್ಲರೂ ಇದನ್ನೇ ಮಾಡಿ" ಅಂತ ಬರೆದರು.

ಮೇಷ್ಟ್ರು ಹೇಳಿದ್ದರಲ್ಲಿ ಸರಿ ಇದ್ದದ್ದನ್ನು ಆ ಮೇಡಂ ಮೊದಲು ಒಪ್ಪಿದರು. ತಪ್ಪು ಯಾಕೆ ತಪ್ಪು ಅಂತ ಕಾರಣ ಕೊಟ್ಟರು. ಬದಲಿ ದಾರಿ ತೋರಿಸಿದರು. "ಇಷ್ಟೂ ಗೊತ್ತಿಲ್ವಾ" ಅನ್ನುವ ಧಾಟಿ ಎಲ್ಲೂ ಇಲ್ಲ. ಮಾಹಿತಿಯ ತಪ್ಪನ್ನು ಗುಂಪಿನಲ್ಲೇ ತಿದ್ದಬೇಕು, ಯಾಕೆಂದರೆ ಅದನ್ನು ಎಲ್ಲರೂ ಓದಿರುತ್ತಾರೆ. ಒಬ್ಬರ ನಡವಳಿಕೆ ಸರಿ ಇಲ್ಲ ಅನಿಸಿದರೆ ಅದನ್ನು ಅವರೊಬ್ಬರಿಗೇ ಬರೆಯಿರಿ, ಇಲ್ಲವೇ ಫೋನ್ ಮಾಡಿ. ಬರಹದಲ್ಲಿ ದನಿ ಕೇಳಿಸೋದಿಲ್ಲ. ನಗುತ್ತಾ ಹೇಳಿದ್ದೂ ಅಲ್ಲಿ ಗದರಿದ ಹಾಗೆ ಕೇಳುತ್ತದೆ.

ಸಿಟ್ಟು ಬಂದಾಗ ಬರೆಯಲೇಬೇಕು ಅನಿಸಿದರೆ, ವಿಳಾಸದ ಜಾಗ ಖಾಲಿ ಬಿಟ್ಟು ಬರೆಯಿರಿ. ಡ್ರಾಫ್ಟ್‌ನಲ್ಲಿ ಇರಲಿ. ಬೆಳಿಗ್ಗೆ ಓದಿ.

ಕಳಿಸುವ ಮುನ್ನ ಯಾರಿಗೆ ಅಂತ ನೋಡಿ

ಇದನ್ನು ಬರೆಯೋಕೆ ನನಗೆ ಈಗಲೂ ಕಷ್ಟ. ವರ್ಷಗಳ ಹಿಂದೆ ನನ್ನ ಗೆಳತಿಯೊಬ್ಬರು ಗುಂಪಿನಲ್ಲಿ ತಮ್ಮ ವರ್ಗಾವಣೆ ಸುದ್ದಿ ಹಾಕಿದ್ದರು. ನಾನು ಅವರಿಗೆ ಮಾತ್ರ ಅಂದುಕೊಂಡು, ಅವರ ಆರೋಗ್ಯ, ಆಗಬೇಕಿದ್ದ ಆಪರೇಷನ್ ಬಗ್ಗೆ ನಾಲ್ಕು ಸಾಲು ಬರೆದು ರಿಪ್ಲೈ ಒತ್ತಿದೆ. ನಮ್ಮ ಗುಂಪಿನಲ್ಲಿ ರಿಪ್ಲೈ ಅಂದರೆ ಎಲ್ಲರಿಗೂ ಹೋಗುವ ಹಾಗೆ ಇಟ್ಟಿದ್ದರು. ಅವರು ಮನೆಯವರಿಗೂ ಪೂರ್ತಿ ಹೇಳಿರದ ವಿಷಯ ನೂರಾರು ಜನಕ್ಕೆ ತಲುಪಿತು. ಅವತ್ತೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸು ಮಾಡಿದರು. ಹೋದ ಮಾತು ಮಾತ್ರ ವಾಪಸ್ ಬರಲಿಲ್ಲ.

ಅಂದಿನಿಂದ ಎರಡು ಕೆಲಸ ತಪ್ಪಿಸಿಲ್ಲ. ಮೊದಲನೆಯದು, ಒಬ್ಬರಿಗೇ ಹೇಳಬೇಕಾದ್ದನ್ನು ಗುಂಪಿನ ಮೇಲ್‌ಗೆ ರಿಪ್ಲೈ ಆಗಿ ಬರೆಯೋದೇ ಇಲ್ಲ. ಹೊಸ ಮೇಲ್ ತೆರೆದು ಅವರ ವಿಳಾಸ ನಾನೇ ಹಾಕುತ್ತೇನೆ. ಎರಡನೆಯದು, ಜಿಮೇಲ್ ಸೆಟ್ಟಿಂಗ್‌ನಲ್ಲಿ ಕಳಿಸಿದ್ದನ್ನು ಹಿಂತೆಗೆಯುವ ಅವಧಿಯನ್ನು 30 ಸೆಕೆಂಡಿಗೆ ಇಟ್ಟಿದ್ದೇನೆ. ಮೊದಲಿಗೆ ಅದು 5 ಸೆಕೆಂಡ್ ಮಾತ್ರ ಇರುತ್ತದೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಒಮ್ಮೆ ಬದಲಾಯಿಸಿದರೆ ಸಾಕು.

ನೀವೇ ಹತ್ತಿಪ್ಪತ್ತು ಪೋಷಕರಿಗೆ ಒಂದೇ ಮೇಲ್ ಕಳಿಸುವುದಿದ್ದರೆ ಅವರ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಿ. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣೋದಿಲ್ಲ. ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ ಫೋಟೋ ಯಾವ ಗುಂಪಿಗೂ ಹಾಕಬೇಡಿ. ಪರಿಚಯದವರ ಮೇಲ್‌ನಿಂದ "ಆಸ್ಪತ್ರೆಯಲ್ಲಿದ್ದೇನೆ, ದುಡ್ಡು ಹಾಕಿ" ಅಂತ ಬಂದರೆ ಮೊದಲು ಅವರಿಗೆ ಫೋನ್ ಮಾಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೇಲ್ ರಾಶಿ ಬಿದ್ದರೆ

"ಮೇಡಂ, ಗುಂಪಿನಿಂದ ದಿನಾ ನಲವತ್ತು ಮೇಲ್ ಬರುತ್ತೆ, ನನ್ನನ್ನ ತೆಗೆದುಬಿಡಿ" ಅಂತ ತಿಂಗಳಿಗೆ ಒಬ್ಬರಾದರೂ ಹೇಳುತ್ತಾರೆ. ಬಿಡಬೇಕಾಗಿಲ್ಲ. ನಮ್ಮ ಗುಂಪು ಇರುವ ಗೂಗಲ್ ಗ್ರೂಪ್ಸ್‌ನಲ್ಲಿ ನಿಮ್ಮ ಸದಸ್ಯತ್ವದ ಸೆಟ್ಟಿಂಗ್ ತೆರೆದು ಡೈಜೆಸ್ಟ್ ಆರಿಸಿದರೆ 25 ಮೇಲ್ ತನಕ ಒಂದೇ ಕಂತೆಯಾಗಿ ಬರುತ್ತವೆ. ಮೇಲೇ ಬೇಡ ಅಂತಲೂ ಇಡಬಹುದು. ಆಗಲೂ ಸದಸ್ಯರಾಗಿಯೇ ಇರುತ್ತೀರಿ, ಬೇಕಾದಾಗ ಹೋಗಿ ಹುಡುಕಬಹುದು. ಡೈಜೆಸ್ಟ್ ತರಿಸಿಕೊಳ್ಳುವವರು ಒಂದು ಎಚ್ಚರ ವಹಿಸಿ. ಆ ಕಂತೆಗೇ ರಿಪ್ಲೈ ಮಾಡಿದರೆ ವಿಷಯದ ಸಾಲಿನಲ್ಲಿ ಡೈಜೆಸ್ಟ್ ಅಂತ ಇರುತ್ತದೆ, ಕೆಳಗೆ ಇಪ್ಪತ್ತೈದೂ ಮೇಲ್ ತಗಲಿಕೊಂಡು ಹೋಗುತ್ತವೆ. ಯಾವುದಕ್ಕೆ ಉತ್ತರ ಕೊಟ್ಟಿರಿ ಅಂತ ಯಾರಿಗೂ ತಿಳಿಯೋದಿಲ್ಲ. ಬೇಕಾದ ಚರ್ಚೆ ತೆರೆದು ಅಲ್ಲೇ ಉತ್ತರಿಸಿ.

ಯಾರಿಗೋ ಪ್ರಶಸ್ತಿ ಬಂದರೆ ಎಂಭತ್ತು "ಅಭಿನಂದನೆಗಳು" ಬರುತ್ತವೆ. ಪ್ರೀತಿಯಿಂದಲೇ ಬರೆಯುತ್ತಾರೆ. ಆದರೆ ಅದರ ನಡುವೆ ಒಬ್ಬರ ಪ್ರಶ್ನೆ ಮುಳುಗಿಹೋಗುತ್ತದೆ. ಅಭಿನಂದನೆಯನ್ನು ಅವರಿಗೇ ನೇರ ಬರೆದರೆ ಅವರಿಗೂ ಜಾಸ್ತಿ ಖುಷಿ.

ವಾಪಸ್ ಬಂದು ಹೇಳಿ

ಕೆಲಸ ಆದಮೇಲೆ ಎಷ್ಟೋ ಜನ ಮಾಯವಾಗಿಬಿಡುತ್ತಾರೆ. ಐದು ಜನ ಐದು ದಾರಿ ಹೇಳಿರುತ್ತಾರೆ. ಯಾವುದರಿಂದ ಸರಿಹೋಯಿತು ಅಂತ ನೀವು ಹೇಳದಿದ್ದರೆ, ಮುಂದೆ ಅದನ್ನು ಓದುವವರು ಐದನ್ನೂ ಮಾಡಿ ನೋಡಬೇಕು. ಗುಳ್ಳೆಯ ಪ್ರಶ್ನೆ ಕೇಳಿದ್ದ ಮೇಡಂ ಹಾಗೆ ಮಾಯವಾಗಲಿಲ್ಲ. ಮುಂದಿನ ವಾರ ಅದೇ ಮೇಲ್‌ಗೆ ಉತ್ತರವಾಗಿ ಬರೆದರು: "ಆರ್‌ಒ ನೀರಿಗೆ ವಾಷಿಂಗ್ ಸೋಡಾ ಹಾಕಿದೆ. ತಕ್ಷಣ ಗುಳ್ಳೆ ಬಂತು. ಮಕ್ಕಳು ಚಪ್ಪಾಳೆ ಹೊಡೆದರು." ಜೊತೆಗೆ ಮಗ್‌ನ ಒಂದು ಫೋಟೋ.

ನಮಗೆ ವಾಟ್ಸಾಪ್ ಗುಂಪೂ ಇದೆ. ತಕ್ಷಣದ ಮಾತಿಗೆ ಅದೇ ಅನುಕೂಲ. ಅಲ್ಲಿ ಉತ್ತರಿಸುವಾಗ ಆ ಸಂದೇಶವನ್ನು ಬಲಕ್ಕೆ ಎಳೆದು ರಿಪ್ಲೈ ಮಾಡಿ, ಇಲ್ಲದಿದ್ದರೆ "ಹೌದು ಸರ್" ಅಂದಿದ್ದು ಯಾರಿಗೆ ಅಂತ ಗೊತ್ತಾಗೋದಿಲ್ಲ. ನಾಲ್ಕು ನಿಮಿಷದ ಧ್ವನಿ ಸಂದೇಶದ ಬದಲು ನಾಲ್ಕು ಸಾಲು ಬರೆಯಿರಿ. ತರಗತಿಯ ಬಾಗಿಲಲ್ಲಿ ನಿಂತವರು ಓದಬಲ್ಲರು, ಕೇಳಲಾರರು. ಆದರೆ ಹೊಸದಾಗಿ ಸೇರಿದವರಿಗೆ ಅಲ್ಲಿನ ಹಳೆ ಮಾತುಕತೆ ತಾನಾಗಿ ಕಾಣೋದಿಲ್ಲ. ಫೋನ್ ಬದಲಾಯಿಸುವಾಗ ಬ್ಯಾಕಪ್ ತಪ್ಪಿದರೆ ಇದ್ದವರಿಗೂ ಇಲ್ಲ.

ಹಾಗಾಗಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ನಾನು ಅರ್ಧ ಗಂಟೆ ಕೂರುತ್ತೇನೆ. ಆ ವಾರ ವಾಟ್ಸಾಪ್‌ನಲ್ಲಿ ಬಂದ ಒಳ್ಳೆಯ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ ಎರಡನ್ನೂ ಬರೆದವರನ್ನು ಕೇಳಿಕೊಂಡು ಇಮೇಲ್ ಗುಂಪಿಗೆ ಹಾಕುತ್ತೇನೆ. ಹೋದ ಶನಿವಾರ ಹಾಕಿದ್ದರ ವಿಷಯದ ಸಾಲು ಇದು: "9ನೇ ತರಗತಿ, ಈರುಳ್ಳಿ ಸಿಪ್ಪೆಯ ಜೀವಕೋಶ: ಸಫ್ರನಿನ್ ಬಣ್ಣ ಇಲ್ಲದಿದ್ದರೆ ಅಯೋಡಿನ್ ದ್ರಾವಣ ಸಾಕು."